ಲೋಕಲ್‌ನಲ್ಲಿ ಉಬ್ಬಿದ ಹಿಟ್ಟು

ಎಪ್ಪತ್ತರ ದಶಕದಲ್ಲಿ ನಾನು ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಯವ. ಒಮ್ಮೆ ನಮ್ಮ ರುಬ್ಬುವ ಮೆಶಿನ್ನಿನ ಮೋಟಾರು ಸುಟ್ಟುಹೋಯಿತು. "ನಾಳೆ ಇಡ್ಲಿ ಇಲ್ಲ ಅಂತ ಬೋರ್ಡು ಹಾಕುವ" ಎಂದರು ಯಜಮಾನರು. ನಾನಿರುವಾಗ ಆ ಬೋರ್ಡೇ? ದಹಿಸರ್‌ನ ಪರಿಚಯದ ಹೋಟೆಲಿನಲ್ಲಿ ರಾತ್ರಿಯೇ ಹಿಟ್ಟು ರುಬ್ಬಿಸಿ, ಎರಡು ಸಲ ಓಡಾಡುವ ತಾಪತ್ರಯ ಬೇಡವೆಂದು ಹಂಡೆಯ ಕಂಠದವರೆಗೂ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಬೆಳಗಿನ ಲೋಕಲ್ ರೈಲು ಹತ್ತಿದೆ.

ಹಿಟ್ಟು ಹುದುಗಲು ಬೇಕಾದ್ದು ಬೆಚ್ಚಗಿನ ಜಾಗ. ಆ ರಶ್ಶಿನಲ್ಲಿ ಅದಕ್ಕೇನು ಬರ? ಬೋರಿವಲಿಯಲ್ಲಿ ಬಟ್ಟೆ ಉಬ್ಬಿತು. ಗೋರೆಗಾಂವ್ ಬರುವಷ್ಟರಲ್ಲಿ ಹಿಟ್ಟು ಉಕ್ಕಿ, ಪಕ್ಕದಲ್ಲಿದ್ದ ಸಾಹೇಬನೊಬ್ಬನ ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟಿನ ಮೇಲೆ ಬೆಳ್ಳಗೆ ಇಳಿಯಿತು.

"ಯೇ ಕ್ಯಾ ಹೈ?" ಎಂದು ಗುಡುಗಿದ. ಹಂಡೆಯನ್ನು ಹೊರಗೆ ಎಸೆದೇಬಿಡುತ್ತಾನೆ ಅನ್ನಿಸಿತು. ಹಂಡೆ ತಬ್ಬಿಕೊಂಡು ಬಾಯಿಗೆ ಬಂದದ್ದು ಹೇಳಿದೆ: "ಇಡ್ಲಿ, ಸಾಬ್. ಥೋಡಾ ಕಚ್ಚಾ ಹೈ."

ರೈಲಿನ ಡಬ್ಬಿಯೆಲ್ಲ ನಕ್ಕಿತು. ಅವನು ಪ್ಯಾಂಟು ನೋಡಿದ, ನನ್ನ ಮುಖ ನೋಡಿದ. "ಮತ್ತೆ ಚಟ್ನಿ ಯಾವ ಸ್ಟೇಶನ್ನಿನಲ್ಲಿ ಹತ್ತುತ್ತದೆ?" ಎಂದ ಹಿಂದಿಯಲ್ಲೇ. ಪಾರ್ಲೆಯಲ್ಲಿ ಹಂಡೆಗೆ ಕೈಕೊಟ್ಟು ಇಳಿಸಿದವನೂ ಅವನೇ.

ಆ ದಿನ ಬೋರ್ಡು ಹಾಕಲಿಲ್ಲ. ಹಿಟ್ಟು ಯಾಕೆ ಕಮ್ಮಿ ಎಂದು ಯಜಮಾನರು ಕೇಳಿದಾಗ, "ಒಬ್ಬ ಗಿರಾಕಿ ಗಾಡಿಯಲ್ಲೇ ಪಾರ್ಸೆಲ್ ತಗೊಂಡ" ಎಂದೆ.