ಬಂಡವಾಳದವರ ಮುಂದೆ ಮುರಿದ ಮಗ್ಗ

ಶ್ರೀರಾಂಪುರದ ನಮ್ಮ ಕಂಬಳಿ ಸಂಸ್ಥೆಗೆ ಹೂಡಿಕೆದಾರರೊಬ್ಬರು ಗುರುವಾರ ಬರುವರೆಂದು ಸೋಮವಾರದ ದಿನಚರಿಯಲ್ಲಿ ಬರೆದಿದ್ದೆ. ಅವರು ಕೊಡುವುದು ದಾನವಲ್ಲ, ಬಂಡವಾಳ. ಅದರಿಂದ ನೇಯುವ ಹೆಂಗಸರ ಬದುಕೂ ಸುಧಾರಿಸಬೇಕು, ಹಣವೂ ಲಾಭದೊಂದಿಗೆ ಮರಳಬೇಕು. ಆ ಹಣ ಸಿಕ್ಕಿದ್ದರೆ ಉಣ್ಣೆ ಹಿಂಜುವ ಯಂತ್ರ ಬರುತ್ತಿತ್ತು. ಕೈಯಲ್ಲೇ ಹಿಂಜಿ ಹಿಂಜಿ ಹೆಂಗಸರ ಬೆರಳು ಸೆಟೆದುಕೊಂಡಿವೆ.

ಇದನ್ನೆಲ್ಲ ನಮ್ಮ ಕಾರ್ಯದರ್ಶಿಗೆ ಬಿಡಿಸಿ ಹೇಳಿದ್ದೆ. ಆ ಮಹಾಶಯನಿಗೆ ಬರುತ್ತಿದ್ದ ವಿದ್ಯೆ ಒಂದೇ, ದಾನಿಗಳೆದುರು ಬಡತನ ತೋರಿಸುವುದು. ಗುರುವಾರ ಬೆಳಿಗ್ಗೆ ಒಳ್ಳೆಯ ಕಂಬಳಿಗಳನ್ನೆಲ್ಲ ಗೋದಾಮಿಗೆ ತುಂಬಿಸಿ ಬೀಗ ಜಡಿದ. ಮುರಿದ ಮಗ್ಗವೊಂದನ್ನು ಬಾಗಿಲಿಗೇ ಎಳೆಸಿದ.

“ಅಕ್ಕಾರೆ, ಸಾಹೇಬ್ರು ಬಂದಾಗ ಒಂಚೂರು ಅಳ್ರಿ” ಎಂದು ಹೆಂಗಸರಿಗೆ ಹೇಳಿದ.

“ಹೋದ್ಸಲ ಅತ್ತಿದ್ದೇ ಇನ್ನೂ ಒಣಗಿಲ್ಲ ಬಿಡಪ್ಪ” ಎಂದಳು ಅವರಲ್ಲಿ ಹಿರಿಯಾಕೆಯೊಬ್ಬಳು.

ಹೂಡಿಕೆದಾರರು ಬಂದು ಶಾಲು ಹೊದಿಸಿಕೊಂಡು, “ನಿಮ್ಮ ಮಾಲು ಎಲ್ಲಿ? ಮಾರಾಟ ಹೇಗಿದೆ?” ಎಂದು ಕೇಳಿದರು.

“ಮಾರಾಟ ಎಲ್ಲೈತೆ ಸಾರ್, ನಿಮ್ಮಂಥೋರ ದಯೆ ಮೇಲೆ ನಡೀತೈತೆ” ಎಂದು ಇವನು ಕೈಮುಗಿದ. ನಾನು ಗೋದಾಮಿನ ಬೀಗದ ಕೈ ಕೇಳಿದರೆ ಕಣ್ಣು ಕೆಕ್ಕರಿಸಿದ. ಅವರು ಮುರಿದ ಮಗ್ಗವನ್ನೊಮ್ಮೆ ನೋಡಿ, “ಇಲ್ಲಿಗೆ ಬಂಡವಾಳ ಹಾಕೋಕಾಗಲ್ಲ” ಎಂದು ಎದ್ದರು.

ಕಾರು ಹೋದ ಮೇಲೆ, “ಅಕ್ಕಾರು ಸರಿಯಾಗಿ ಅಳ್ಲಿಲ್ಲ” ಎಂದು ಕಾರ್ಯದರ್ಶಿ ದೂರಿದ. ಹೆಂಗಸರು ಉಣ್ಣೆ ಮುಂದಿಟ್ಟುಕೊಂಡು ಮತ್ತೆ ಕೈಯಲ್ಲೇ ಹಿಂಜಲು ಕುಳಿತರು.