ಇಳಿದು ಕೇಳುವ ದಾರಿ

ಪ್ಯಾಂಟಿನ ಬಲಗಾಲಿನ ಅಂಚಿಗೆ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪು. ಅಂಚು ಸೈಕಲ್ ಚೈನಿಗೆ ಸಿಕ್ಕದಿರಲೆಂದು ಹಾಕುವುದು. ಆದರೆ ತಾತ ಸೈಕಲ್ ಹತ್ತದ ದಿನವೂ ಅದನ್ನು ಹಾಕಿಕೊಂಡೇ ಇರುತ್ತಿದ್ದರು. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಆ ಕ್ಲಿಪ್ಪನ್ನು ಕಂಡವರಿದ್ದಾರೆ. ಯಾರಾದರೂ ತೋರಿಸಿದರೆ ಬಗ್ಗಿ ನೋಡಿ, "ಇರ್ಲಿ ಬಿಡಿ, ನಾಳೆ ಹಾಕೋ ಕೆಲಸ ತಪ್ತು" ಎನ್ನುತ್ತಿದ್ದರು.

ಗೋವಿಂದರಾಜನಗರದಲ್ಲಿ ನಮ್ಮ ಬಾಡಿಗೆ ಮನೆಯಿರುವ ರಸ್ತೆಯ ತುದಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಸೈಕಲ್ ಶಾಪು. ಬೀದಿಯವರೆಲ್ಲ ತಾತ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆ ಇದ್ದದ್ದು ಹೇರೋಹಳ್ಳಿಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದಾಗ ಅವರ ಅಪ್ಪ ಕಟ್ಟಿಸಿದ್ದು. ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ. ಒಮ್ಮೆ ಮಾಗಡಿ ರಸ್ತೆಯಲ್ಲಿ ಹಿಂದಿನಿಂದ ಬಂದ ಲಾರಿಯ ಹಾರ್ನು ಕೇಳದೆ ಮೋರಿಗೆ ಬಿದ್ದರಂತೆ. ಅಂದಿನಿಂದ ಅವರ ಮಗಳು ಒಂದೇ ಷರತ್ತು ಹಾಕಿದ್ದರು: ಗಾಡಿ ಓಡಾಡುವ ರಸ್ತೆಯಲ್ಲಿ ಸೈಕಲ್ ತುಳಿಯುವ ಹಾಗಿಲ್ಲ. ದಿನಾ ಬೆಳಿಗ್ಗೆ ಮಗಳ ಸ್ಕೂಟರಿನ ಹಿಂದೆ ಕೂತು, ಕಾಲಿಗೆ ಕ್ಲಿಪ್ಪು ಹಾಕಿಕೊಂಡು, ಸೈಕಲ್ ಶಾಪಿನವರು ಅಂಗಡಿಗೆ ಬರುತ್ತಿದ್ದರು.

ಆಹಾರ ತಲುಪಿಸುವ ಹುಡುಗರು ಅಲ್ಲಿ ಗಾಳಿ ಹಾಕಿಸಿಕೊಳ್ಳಲು ನಿಲ್ಲುತ್ತಿದ್ದರು. "ಅಜ್ಜಾರ, ಲಗೂನ ಹೊಡೀರಿ, ಆರ್ಡರ್ ಕ್ಯಾನ್ಸಲ್ ಆಗ್ತೈತ್ರಿ" ಎಂದು ಗದಗದ ಕಡೆಯವನೊಬ್ಬ ಅವಸರಿಸಿದರೆ, ತಾತ ಬಲಗಿವಿಯನ್ನು ಅವನತ್ತ ತಿರುಗಿಸಿ, "ಗಾಳಿಗೆ ನಿನ್ನ ಆರ್ಡರ್ ಗೊತ್ತಾ ಮಗಾ? ಅದು ಒಳಗೆ ಹೋಗೋ ಹೊತ್ತಿಗೇ ಹೋಗ್ತದೆ" ಎನ್ನುತ್ತಿದ್ದರು.

ನಾನು ಹೊಸ ಗೇರ್ ಸೈಕಲ್ ಕೊಂಡು, ನಾಲ್ಕು ದಿನ ರಸ್ತೆಯಲ್ಲಿ ಓಡಿಸಿ, ಹೆದರಿ ಮನೆಯಲ್ಲಿಟ್ಟಿದ್ದೆ. ಬ್ರೇಕ್ ಸರಿಮಾಡಿಸಲು ಒಯ್ದಾಗ ಅವರು ಟೈರನ್ನು ಮುಟ್ಟಿ ನೋಡಿದರು.

"ಇದು ರಸ್ತೇನೇ ನೋಡಿಲ್ವಲ್ಲವ್ವ."

"ಭಯ ಆಗುತ್ತೆ ತಾತ. ಬಸ್ಸು ಮೈಮೇಲೇ ಬರುತ್ತೆ."

"ಗಾಡಿ ಇಲ್ದಿರೋ ದಾರಿ ಐತೆ. ಭಾನುವಾರ ಬೆಳ್ಳಂಬೆಳಿಗ್ಗೆ, ರಸ್ತೆ ಖಾಲಿ ಇರೋವಾಗ ಮನೆ ಹತ್ರ ಬಾ."

ಆ ದಾರಿ ಅವರ ಮನೆಯ ಹಿಂದೆಯೇ ಶುರುವಾಗುತ್ತಿತ್ತು. ಕೆರೆ ಏರಿ, ಅದರಿಂದಿಳಿದರೆ ತೆಂಗಿನ ತೋಟ, ಆಮೇಲೆ ರಾಗಿ ಹೊಲದ ಬದು, ಒಂದು ಸೊಪ್ಪಿನ ತೋಟ, ನೀಲಗಿರಿ ತೋಪು. ಕೊನೆಗೆ ಕೆಂಗೇರಿ ಕಡೆಯ ಒಂದು ಹುಣಸೆಮರ. ಅಲ್ಲಿ ಕೂತರೆ ಮೈಸೂರಿನ ರೈಲು ಹೋಗುವ ಸದ್ದು ಕೇಳುತ್ತಿತ್ತು. ತಾತ ಬಲಗಿವಿಯನ್ನು ಅತ್ತ ಮಾಡಿ, ಸದ್ದು ಪೂರ್ತಿ ಅಳಿಯುವವರೆಗೆ ಮಾತಾಡುತ್ತಿರಲಿಲ್ಲ. ಎರಡೂ ಕಡೆ ಬಡಾವಣೆಗಳು ಬೆಳೆದಿದ್ದರೂ ನಡುವಿನ ಈ ಹಸಿರು ಪಟ್ಟಿ ಹೇಗೋ ತುಂಡಾಗದೆ ಉಳಿದಿತ್ತು. ವಾರದಲ್ಲಿ ಅವರು ಪೆಡಲ್ ತುಳಿಯುತ್ತಿದ್ದದ್ದು ಇಲ್ಲಿ ಮಾತ್ರ.

ಪ್ರತಿ ಬೇಲಿಯ ಬಳಿ ಅವರು ಇಳಿಯುತ್ತಿದ್ದರು. ಗೇಟು ತೆರೆದಿದ್ದರೂ ಇಳಿಯುತ್ತಿದ್ದರು. ಸೈಕಲ್ ಹಿಡಿದು ನಿಂತು, ಕಿವಿ ಕೇಳದವರ ದೊಡ್ಡ ದನಿಯಲ್ಲಿ, "ಯಾರವ್ರೆ? ಈ ಕಡೆಯಿಂದ ಹೋಗ್ಬೋದಾ?" ಎಂದು ಕೂಗುತ್ತಿದ್ದರು. ಯಾರಾದರೂ ಕೈ ಆಡಿಸುವವರೆಗೆ ಕಾಯುತ್ತಿದ್ದರು. ದಾಟಿದ ಮೇಲೆ ಗೇಟು ಎಳೆದು ಹಗ್ಗ ಸುತ್ತುತ್ತಿದ್ದರು.

ಸೊಪ್ಪಿನ ತೋಟದ ಅಮ್ಮ ಮಾತ್ರ ಕೈ ಆಡಿಸಿ ಸುಮ್ಮನಾಗುವವರಲ್ಲ. ಕೊತ್ತಂಬರಿ ಮಡಿಯಿಂದ ಎದ್ದು, ಸೊಂಟಕ್ಕೆ ಕೈಕೊಟ್ಟು, "ಬಂತಾ ಸವಾರಿ? ನಿಮ್ಮ ಕಿವಿಗೆ ಕೇಳ್ಸೋಕೆ ನಾನು ಕಿರುಚ್ಕೊಂಡ್ರೆ, ಆ ಕಡೆ ಲೇಔಟ್‌ನೋರು ಇಲ್ಲೇನೋ ಜಗಳ ಅಂತ ಬಂದು ನಿಂತ್ಕೋತಾರೆ" ಎನ್ನುತ್ತಿದ್ದರು.

"ಏನಂದ್ರಿ?"

"ಹೋಗಿ ಅಂದೆ, ಹೋಗಿ!"

ಮೂರನೆಯದೋ ನಾಲ್ಕನೆಯದೋ ಭಾನುವಾರ ನಾನು ಕೇಳಿಯೇಬಿಟ್ಟೆ. "ಇಷ್ಟು ವರ್ಷದಿಂದ ಓಡಾಡ್ತಾ ಇದೀರ. ಇನ್ನೂ ಕೇಳ್ಬೇಕಾ ತಾತ?"

"ಅದಕ್ಕೇ ಕೇಳ್ಬೇಕು ಕಣವ್ವ. ಕೇಳೋದು ಬಿಟ್ರೆ ಇದು ನಂದೇ ದಾರಿ ಅಂತ ಅನ್ಸೋಕೆ ಶುರುವಾಗ್ತದೆ."

"ಬೇಡ ಅಂದ್ಬಿಟ್ರೆ?"

"ಬೇಡ ಅಂದ್ರೆ ಹ್ಯಾಂಡಲ್ ತಿರುಗಿಸೋದು. ಬೇಡ ಅನ್ನೋಕೆ ಆಗ್ದಿರೋ ಹಾಗೆ ಕೇಳಿದ್ರೆ ಅದೇನು ಕೇಳಿದಂಗಾ?"

ಆ ಮಾತು ಚೆನ್ನಾಗಿದೆ ಎನಿಸಿತ್ತು. ಅರ್ಥವಾಗಿರಲಿಲ್ಲ ಎಂದು ಈಗ ಗೊತ್ತು.

ನಾನು ಭೂಗೋಳ ಓದಿದವಳು. ಒಂದು ದಾರಿಯನ್ನು ಸರಿಯಾಗಿ ಗುರುತಿಸಿದರೆ ಅದು ಉಳಿಯುತ್ತದೆ ಎಂದು ನಂಬಿದ್ದವಳು. ನಾಲ್ಕು ಭಾನುವಾರ ಫೋನಿನಲ್ಲಿ ದಾರಿಯನ್ನು ದಾಖಲಿಸಿ, ಏರಿಳಿತ, ಕೆಸರಾಗುವ ಜಾಗ, ನೆರಳು ಎಲ್ಲವನ್ನೂ ಸೇರಿಸಿ ನಕ್ಷೆ ಮಾಡಿದೆ. ಬೇಲಿಗಳಿರುವಲ್ಲಿ ಸಣ್ಣ ಚೌಕ ಹಾಕಿ, "ಗೇಟು, ಸಾಮಾನ್ಯವಾಗಿ ತೆರೆದಿರುತ್ತದೆ" ಎಂದು ಬರೆದೆ. ನೋಡಿದ್ದನ್ನೇ ಬರೆದಿದ್ದೆ.

ಒಂದು ಪ್ರತಿಯನ್ನು ಮುದ್ರಿಸಿ ತಾತನಿಗೆ ಕೊಟ್ಟೆ. ಅವರು ಗ್ರೀಸ್ ಒರೆಸಿಕೊಂಡ ಬೆರಳನ್ನು ಗೆರೆಯ ಮೇಲೆ ಕೆರೆಯಿಂದ ಹುಣಸೆಮರದವರೆಗೆ ನಿಧಾನವಾಗಿ ನಡೆಸಿದರು. ಖುಷಿಯಾದದ್ದು ಕಾಣುತ್ತಿತ್ತು. ಆಮೇಲೆ ಬೆರಳು ಹಿಂದಕ್ಕೆ ಬಂತು.

"ಎಲ್ಲಾ ಐತೆ. ಸೊಪ್ಪಿನಮ್ಮ ಎಲ್ಲವ್ರೆ ಇದ್ರಲ್ಲಿ?"

"ನಕ್ಷೇಲಿ ಜನರನ್ನ ಹಾಕಲ್ಲ ತಾತ" ಎಂದು ನಕ್ಕೆ.

"ಹೂಂ" ಎಂದು ಮಡಚಿ, ಪಂಕ್ಚರ್ ತೇಪೆಗಳ ಡಬ್ಬಿಯಲ್ಲಿಟ್ಟರು.

ಅದೇ ವಾರ ಆ ನಕ್ಷೆಯನ್ನು ಸೈಕಲ್ ಸವಾರರ ಒಂದು ಆನ್‌ಲೈನ್ ಗುಂಪಿಗೆ ಹಾಕಿದೆ. ಅದನ್ನು ತಾತನಿಗೆ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಹೇಳಬೇಕೆಂದು ತೋಚಲೇ ಇಲ್ಲ. ನನ್ನಂತೆ ಹೆದರಿ ಸೈಕಲ್ ಮನೆಯಲ್ಲಿಟ್ಟವರಿಗೆ ಉಪಕಾರವಾಗಲಿ ಎಂದಿದ್ದೆ. ಧನ್ಯವಾದಗಳು ಬಂದವು. ನಕ್ಷೆ ಅಲ್ಲಿಂದ ಬೇರೆ ಗುಂಪುಗಳಿಗೆ ಹೋಯಿತು. ಆಮೇಲಿನ ಎರಡು ಭಾನುವಾರ ನನಗೆ ಜ್ವರ. ನಾನು ಬರುವವರೆಗೆ ಕಾಯುತ್ತೇನೆಂದು ತಾತನೂ ಹೋಗಿರಲಿಲ್ಲ.

ಮೂರನೆಯ ಭಾನುವಾರ ಇಬ್ಬರೂ ಹೋದಾಗ ಕೆರೆ ಏರಿಯ ಮಣ್ಣಿನ ತುಂಬ ಟೈರಿನ ಗುರುತು. ಸೊಪ್ಪಿನ ತೋಟದ ಗೇಟಿಗೆ ಸರಪಳಿ, ಬೀಗ. ತಾತ ಇಳಿದು ಎಂದಿನಂತೆ ಕೂಗಿದರು. ಅಮ್ಮ ಬಂದರು. ಸೊಂಟಕ್ಕೆ ಕೈ ಕೊಡಲಿಲ್ಲ.

"ಮೂವತ್ತು ನಲವತ್ತು ಜನ ಬಂದ್ರು ಕಣಣ್ಣ, ಒಂದೇ ಸಲಕ್ಕೆ. ಯಾರೂ ಇಳೀಲಿಲ್ಲ. ಕೇಳಿದ್ರೆ, 'ಆಂಟಿ, ಮ್ಯಾಪಲ್ಲಿ ದಾರಿ ಐತೆ' ಅಂತ ನಂಗೇ ಫೋನ್ ತೋರ್ಸಿದ್ರು. ಗೇಟು ಹಾಗೇ ಬಿಟ್ಟು ಹೋದ್ರು. ಹಸುಗಳು ನುಗ್ಗಿ ಎರಡು ಮಡಿ ಸೊಪ್ಪು ಸಾಫು."

ತಾತ ಹತ್ತಿರ ಹೋಗಿ ಬಲಗಿವಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಮೇಲೆ ಬೇಜಾರಿಲ್ಲ. ಆದ್ರೆ ನಿಮಗೆ ಬಿಟ್ರೆ ಅವರು ಹಿಂದೇನೇ ನಿಂತ್ಕೋತಾರೆ. ಯಾರಿಗೆ ಅಂತ ಹೇಳ್ಲಿ? ಬೇಡಿ ಅಣ್ಣ ಇನ್ಮೇಲೆ."

"ಸರಿ ಕಣಮ್ಮ" ಎಂದು ತಾತ ಹ್ಯಾಂಡಲ್ ತಿರುಗಿಸಿದರು. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದೆ.

ವಾಪಸು ಏರಿಯ ಮೇಲೆ ಬರುವಾಗ ಹೇಳಿದೆ. "ತಾತ, ಆ ಮ್ಯಾಪ್ ಹಾಕಿದ್ದು ನಾನೇ." ಅವರು ಏನೂ ಅನ್ನಲಿಲ್ಲ, ತಿರುಗಿ ನೋಡಲೂ ಇಲ್ಲ. ಆಗ ಗಮನಿಸಿದೆ: ನಾನು ಅವರ ಎಡಗಡೆಗಿದ್ದೆ. ಬಲಗಡೆಗೆ ಹೋಗಿ ಮತ್ತೊಮ್ಮೆ ಹೇಳಬಹುದಿತ್ತು. ಏರಿ ಅಷ್ಟೇನೂ ಕಿರಿದಾಗಿರಲಿಲ್ಲ. ಹೋಗಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ಅವತ್ತೇ ನಕ್ಷೆಯನ್ನು ಅಳಿಸಿದೆ. ಆದರೆ ಅದು ಎಷ್ಟು ಜನರ ಫೋನಿನಲ್ಲಿತ್ತೋ. ದಯವಿಟ್ಟು ಹೋಗಬೇಡಿ ಎಂದು ಗುಂಪಿನಲ್ಲಿ ಬರೆದೆ. "ಬೇರೆ ಕಡೆಯಿಂದ ದಾರಿ ಇದ್ಯಾ?" ಎಂದು ಕೆಳಗೆ ಒಬ್ಬರು ಕೇಳಿದರು. ಇರಲಿಲ್ಲ. ತೋಟದ ಒಂದು ಪಕ್ಕಕ್ಕೆ ಬಡಾವಣೆಯ ಗೋಡೆ, ಇನ್ನೊಂದು ಪಕ್ಕಕ್ಕೆ ರಾಜಕಾಲುವೆ. ಒಂದು ಗೇಟಿಗೆ ಬೀಗ ಬಿದ್ದರೆ ದಾರಿಯೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ತೆಂಗಿನ ತೋಟದವರೂ ತಂತಿ ಬಿಗಿದರು. ತಾತನಿಗೆ ಉಳಿದದ್ದು ಕೆರೆ ಏರಿ ಮಾತ್ರ, ಅಲ್ಲಿ ನಡೆದಾಡುವವರು ಸೈಕಲ್ ಕಂಡರೆ ಸಿಡುಕುತ್ತಿದ್ದರು.

ನಾನು ಅವರನ್ನೂ ಅವರ ಸೈಕಲ್ಲನ್ನೂ ಲಗೇಜ್ ಆಟೋದಲ್ಲಿ ನಮ್ಮ ಕಡೆಯ ಒಂದು ಪಾರ್ಕಿಗೆ ಕರೆದೊಯ್ದೆ. ಅರ್ಧ ಸುತ್ತಿಗೆ ಕಾವಲಿನವನು ಸೀಟಿ ಊದಿ, "ಸೈಕಲ್ ಬಿಡಲ್ಲ ಸಾರ್" ಎಂದ. ತಾತ ಇಳಿದರು. "ಬಿಡು. ಸುತ್ತೋಕೆ ನಾನೇನು ಗಾಣದೆತ್ತಾ?" ಎಂದು ನಕ್ಕರು. ನನ್ನನ್ನು ಸಮಾಧಾನಪಡಿಸಲು ನಕ್ಕಂತಿತ್ತು.

ಆಮೇಲೆ ಅವರ ಸೈಕಲ್ಲು ಅಂಗಡಿಯ ಗೋಡೆಗೊರಗಿತು. ಟೈರಿಗೆ ಮಾತ್ರ ಪ್ರತಿ ಶನಿವಾರ ಗಾಳಿ ಹಾಕುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು, ಅಂಗಡಿ ವಾರಕ್ಕೆ ಎರಡು ದಿನ, ಒಂದು ದಿನ, ಆಮೇಲೆ ಇಲ್ಲ. ನೋಡಲು ಹೋದಾಗಲೆಲ್ಲ ಬಲಗಡೆಗೇ ಕೂರುತ್ತಿದ್ದೆ. ಬ್ರೇಕಿನ ಬಗ್ಗೆ, ಹವೆಯ ಬಗ್ಗೆ ಮಾತಾಡುತ್ತಿದ್ದೆ. ಆ ಒಂದು ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಅವರು ಹೋಗಿಬಿಟ್ಟರು.

ಸಂಸ್ಕಾರ ಮುಗಿದ ಮೇಲೆ ಅವರ ಮಗಳು ತೇಪೆಯ ಡಬ್ಬಿಯನ್ನು ನನ್ನ ಕೈಗಿಟ್ಟರು. "ನಿಮ್ಮದೇನೋ ಕಾಗದ ಇದೆ ನೋಡಿ ಇದ್ರಲ್ಲಿ. ಅಪ್ಪ ಜೋಪಾನ ಮಾಡಿದ್ರು." ನನ್ನ ನಕ್ಷೆ. ಮಡಿಕೆಗಳಲ್ಲಿ ಹರಿದಿದ್ದ ಕಡೆ ಸೈಕಲ್ ಟ್ಯೂಬಿನ ಅಂಟು ಹಚ್ಚಿದ್ದರು. ಪ್ರತಿ ಚೌಕದ ಬಳಿ "ಸಾಮಾನ್ಯವಾಗಿ ತೆರೆದಿರುತ್ತದೆ" ಎಂಬುದನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ದಪ್ಪಕ್ಷರದಲ್ಲಿ ಬರೆದಿದ್ದರು: "ಇಲ್ಲಿ ಇಳಿದು ಕೇಳುವುದು." ನಾನು ಕೊಟ್ಟ ದಿನವೇ ಬರೆದರೋ, ಬೀಗ ಬಿದ್ದ ಮೇಲೆ ಬರೆದರೋ, ತಿಳಿಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಸೈಕಲ್ ತೆಗೆದುಕೊಂಡು ಹೊರಟೆ. ತೆಂಗಿನ ತೋಟದ ತಂತಿಯ ಬಳಿ ಇಳಿದು ಕೇಳಿದೆ. ತೋಟದವರು, ಸೊಪ್ಪಿನಮ್ಮನಿಗೆ ಸುದ್ದಿ ಮುಟ್ಟಿಸಬೇಕೆಂದಾಗ, ತಳ್ಳಿಕೊಂಡು ಹೋಗಲು ಬಿಟ್ಟರು. ಬೀಗದ ಗೇಟಿನ ಮುಂದೆ ನಿಂತು ಕೂಗಿದೆ. ಅಷ್ಟು ಜೋರಾಗಿ ನಾನು ಯಾರನ್ನೂ ಕರೆದವಳಲ್ಲ. ಅಮ್ಮ ಬಂದು ನನ್ನ ಹಿಂದೆ ನೋಡಿದರು, ಇನ್ನೊಂದು ಸೈಕಲ್ಲಿಗಾಗಿ. ತಾತ ಹೋದದ್ದನ್ನು ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ, ಮ್ಯಾಪ್ ಹಾಕಿದ್ದು ನಾನು ಎಂದೂ ಹೇಳಿದೆ. ಅವರು ಸರಪಳಿಯ ಬೀಗವನ್ನು ಒಮ್ಮೆ ಮುಟ್ಟಿ ನೋಡಿದರು.

"ಈ ಕಡೆಯಿಂದ ಹೋಗ್ಬಹುದಾ ಅಮ್ಮ?"

"ಬೇಡ ಕಣವ್ವ" ಎಂದರು.

"ಸರಿ ಅಮ್ಮ" ಎಂದು ಹ್ಯಾಂಡಲ್ ತಿರುಗಿಸಿದೆ.