ಮೂರರಿಂದ ನಾಲ್ಕರ ಪಹರೆ

ಹಳದೀಪುರದಲ್ಲಿ ನಮ್ಮ ಕೇರಿಯ ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ಏಳು ದಿನ ಭಜನಾ ಸಪ್ತಾಹ. ಹಾಡು ನಿಲ್ಲುವಂತಿಲ್ಲ. ಒಂದು ತಂಡ ಏಳುವ ಮೊದಲೇ ಇನ್ನೊಂದು ತಂಡ ಬಂದು ತಾಳ ಹಿಡಿಯಬೇಕು. ಅದಕ್ಕೆ ಪಹರೆ ಎನ್ನುತ್ತೇವೆ. ಮೊದಲ ದಿನ ಮಧ್ಯಾಹ್ನ ಮೂರರಿಂದ ನಾಲ್ಕರ ಪಹರೆ ಹೆಂಗಸರದ್ದು. ಮುಂದೆ ಕೂತು ಹಾಡಿಸುವವಳು ಇಷ್ಟು ವರ್ಷವೂ ನಾನೇ.

ಈ ಸಲ ಪಹರೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾಗದ ತಿರುಗಿಸಿದೆ. ಕಡೆಯ ದಿನದ ‘ಹಿರಿಯ ಭಕ್ತರಿಗೆ ಸನ್ಮಾನ’ದ ಕೆಳಗಿತ್ತು! ಮೈಯೆಲ್ಲ ಉರಿಯಿತು. ಕುಮಟಾದ ಕಚೇರಿಯಲ್ಲೂ ನಿವೃತ್ತಿಯ ದಿನ ಹೀಗೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಬಾಯ್ತುಂಬ ಹೊಗಳಿ ಮನೆಗೆ ಕಳಿಸಿದ್ದರು. ಅದು ಸರ್ಕಾರದ ಕುರ್ಚಿ, ಬಿಟ್ಟುಕೊಟ್ಟೆ. ದೇವರ ಮುಂದಿನ ಚಾಪೆಗೂ ನಿವೃತ್ತಿ ವಯಸ್ಸು ಬರೆದವರು ಯಾರು?

ನೇರ ಸಮಿತಿಯ ಕಾರ್ಯದರ್ಶಿಯ ಮನೆಗೆ ಹೋದೆ. ಅವನಿಗೂ ತಲೆ ನರೆತಿದೆ.

“ಸಿಟ್ಟು ಮಾಡಬೇಡಿ ಅಕ್ಕ. ಹೋದ ವರ್ಷ ಎರಡು ಸಲ ಸಾಲು ಮರೆತ್ರಿ. ನಿಮಗೆಂತಕ್ಕೆ ತ್ರಾಸು ಅಂತ...”

“ತ್ರಾಸು ನನಗಾ, ನಿನಗಾ? ಶಾಲು ಬೇಕಾದವರಿಗೆ ಹೊದಿಸು. ನನಗೆ ಪಹರೆ ಬೇಕು.”

“ಆತು, ಆತು,” ಎಂದು ಅವನು ಪಟ್ಟಿಗೆ ನನ್ನ ಹೆಸರು ಸೇರಿಸಿದ.

ಮರೆತದ್ದು ಸುಳ್ಳಲ್ಲ. ಆದರೆ ವಯಸ್ಸಿನ ತಲೆಗೆ ಕಟ್ಟುವುದು ಬೇಡ. ಅಷ್ಟೂ ವರ್ಷ ಅವೇ ನಾಲ್ಕು ಭಜನೆ. ಬಾಯಿ ಹಾಡುತ್ತಿತ್ತು, ಮನಸ್ಸು ಒಲೆಯ ಮೇಲಿನ ಹಾಲಿನ ಹತ್ತಿರ ಇರುತ್ತಿತ್ತು. ದೇವರಿಗೆ ಬೇಜಾರು ಬಂದಿತ್ತೋ ಇಲ್ಲವೋ, ನನಗಂತೂ ಬಂದಿತ್ತು. ಹೊಸದನ್ನೇ ಹಾಡುತ್ತೇನೆ ಎಂದು ಹಟ ಹಿಡಿದೆ.

ಪಕ್ಕದ ಮನೆಯ ಕೊಂಕಣಿ ಸೊಸೆ ಒಳ್ಳೆಯ ಹಾಡುಗಾರ್ತಿ. ಅವಳು ಬಾವಿಕಟ್ಟೆಯ ಬಳಿ ಬಂಗಡೆ ತೊಳೆಯುವಾಗ ಹೋಗಿ ಕೂತೆ.

“ಎಂತ ಅಮ್ಮಾ, ಈ ವಯಸ್ಸಲ್ಲಿ ಹೊಸ ಭಜನೆ?” ಎಂದು ನಕ್ಕಳು.

“ಇನ್ನು ಯಾವ ವಯಸ್ಸಿಗೆ ಕಾಯಬೇಕೇ?”

ಮೀನಿನ ಕೈಯಲ್ಲಿ ತಾಳ ಮುಟ್ಟಲಿಕ್ಕಿಲ್ಲವೆಂದು ಬಾಯಲ್ಲೇ ತಾಳ ಹೇಳಿ ಕಲಿಸಿದಳು. ಕೊಂಕಣಿ ಭಜನೆ, ಎಂಟು ಸಾಲು. ಮೂರು ವಾರ ಹಿಡಿಯಿತು. ಶಾಲೆಗೆ ಸೇರಿದ ಮಗುವಿನಷ್ಟು ಖುಷಿಯಾಗಿತ್ತು ನನಗೆ.

ಪಹರೆಯ ದಿನ ಎರಡು ಸಾಲು ಚೆನ್ನಾಗಿ ಬಂತು. ಹಿಂದೆ ಕೂತ ಹೆಂಗಸರೂ ಎತ್ತಿಕೊಂಡರು. ಮೂರನೆಯ ಸಾಲು ಮಾತ್ರ ಎಲ್ಲಿಗೋ ಹೋಗಿಬಿಟ್ಟಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಆಗಲೂ ಇಲ್ಲ. ಕಾರ್ಯದರ್ಶಿ ಮೆಲ್ಲಗೆ ಬಂದು ಪಕ್ಕದಲ್ಲಿ ಬಗ್ಗಿದ.

“ಸಾಕು ಅಕ್ಕ, ತಾಳ ಇಲ್ಲಿ ಕೊಡಿ.”

ಹಾಡು ಬಿಟ್ಟು ಮಾತಾಡುವಂತಿಲ್ಲವಲ್ಲ. ಅವನತ್ತ ಬೆನ್ನು ತಿರುಗಿಸಿ ಕೂತು, ಮೊದಲಿನ ಸಾಲನ್ನೇ ಇನ್ನಷ್ಟು ಏರಿಸಿ ಹಾಡಿದೆ. ಹಾಡು ನಿಲ್ಲಬಾರದು ಎಂಬ ನಿಯಮ ಉಂಟು, ಮರೆಯಬಾರದು ಎಂಬ ನಿಯಮ ಎಲ್ಲೂ ಇಲ್ಲ. ಹೆಂಗಸರು ನನಗಿಂತ ಜೋರಾಗಿ ಹಾಡಿದರು. ಮೂರನೆಯ ಸಾಲು ಕಡೆಗೂ ಬರಲಿಲ್ಲ. ಆ ಎರಡೇ ಸಾಲನ್ನು ನಾಲ್ಕು ಹೊಡೆಯುವವರೆಗೆ ಹಾಡಿಸಿ, ಮುಂದಿನ ತಂಡ ಬಂದ ಮೇಲೆಯೇ ಎದ್ದೆ.